ಬೆತ್ತಲೆ ತನಿಖೆ ಮತ್ತು ನಮ್ಮ ಹೈಸ್ಕೂಲು ಮೈದಾನ

ಹೋಬಳಿ ಕ್ರೀಡಾಕೂಟ ಬಂತೆಂದರೆ ಹೊನ್ನಾಳಿ, ನ್ಯಾಮತಿ ಸೀಮೆಯ ಪಿ.ಟಿ. ಮೇಷ್ಟ್ರುಗಳು ಎರಡು ಪಟ್ಟಿ ಬರೆಯುತ್ತಾರೆ: ಬಾಲಕರು, ಬಾಲಕಿಯರು. ದಾಖಲಾತಿಯಲ್ಲಿ ಗಂಡೆಂದು ಬರೆಸಿಕೊಂಡು, ಹೆಣ್ಣಾಗಿ ಬಾಳುವ ಹುಡುಗಿಯ ಹೆಸರು ಯಾವ ಪಟ್ಟಿಗೆ? ಗೇಲಿಗೆ ಹೆದರಿದ ಮಗು ಮೊದಲು ಮೈದಾನ ಬಿಡುತ್ತದೆ, ಆಮೇಲೆ ಶಾಲೆಯನ್ನೇ ಬಿಡುತ್ತದೆ. ಇದೇನೋ ಇವತ್ತು ಪ್ಯಾಟೆಯಿಂದ ಬಂದ ಪ್ರಶ್ನೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಅಲ್ಲ. ಹೆಣ್ಣಿನ ಮೈಯನ್ನು ತನಿಖೆ ಮಾಡುವ ಅಧಿಕಾರ ಯಾರದು ಎಂಬ ಹಳೇ ಜಗಳವೇ ಇದು.

ಆ ಜಗಳ ನಮಗೆ ಗೊತ್ತಿರುವಂಥದ್ದೇ. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧ ದಲಿತ ಸಂಘರ್ಷ ಸಮಿತಿಯವರು ನಿಂತರು. ಆಗ ಹೊನ್ನಾಳಿಯೂ ಚಂದ್ರಗುತ್ತಿಯಂತೆ ಶಿವಮೊಗ್ಗ ಜಿಲ್ಲೆಯದೇ. ಅದಕ್ಕೂ 20 ವರ್ಷ ಮುಂಚೆ, 1966ರಲ್ಲಿ, ಬುಡಾಪೆಸ್ಟಿನ ಯುರೋಪಿಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಓಟಗಾರ್ತಿಯರನ್ನು ವೈದ್ಯರ ಮುಂದೆ ಬೆತ್ತಲೆ ನಿಲ್ಲಿಸಿದ್ದರು. ಇಲ್ಲಿ ದೇವರ ಹೆಸರು, ಅಲ್ಲಿ ನ್ಯಾಯದ ಹೆಸರು. 1968ರ ಒಲಿಂಪಿಕ್ಸಿನಿಂದ ಬಟ್ಟೆಯ ಬದಲು ಕ್ರೋಮೋಸೋಮು ನೋಡಿದರು. 1999ರಲ್ಲಿ ಒಲಿಂಪಿಕ್ ಸಮಿತಿಯೇ ಆ ಪದ್ಧತಿ ಕೈಬಿಟ್ಟಿತು. 2025ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಜೀನ್ ಪರೀಕ್ಷೆಯ ಹೆಸರಿನಲ್ಲಿ ತನಿಖೆಯನ್ನು ಮತ್ತೆ ತಂದಿತು.

ಈ ಕೋಲಿನ ಏಟು ಬಿದ್ದದ್ದು ಯಾರ ಮೇಲೆ? ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಶಾಂತಿ ಸೌಂದರರಾಜನ್ ಇಟ್ಟಿಗೆ ಗೂಡಿನ ದಲಿತ ಕೂಲಿಗಳ ಮಗಳು. 2006ರ ದೋಹಾ ಏಷ್ಯನ್ ಗೇಮ್ಸಿನಲ್ಲಿ 800 ಮೀಟರ್ ಓಡಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಆಕೆ ಟ್ರಾನ್ಸ್‌ಜೆಂಡರ್ ಅಲ್ಲ. ಹುಟ್ಟಿದಂದಿನಿಂದ ಹೆಣ್ಣಾಗಿಯೇ ಬೆಳೆದವರು. ಟ್ರಾನ್ಸ್ ಹುಡುಗಿಯನ್ನು ತಡೆಯಲು ಹಾಕುವ ಬೇಲಿ ಕೊನೆಗೆ ಎಲ್ಲ ಹುಡುಗಿಯರನ್ನೂ ಗೀರುತ್ತದೆ.

ನಮ್ಮ ಸರ್ಕಾರವಾದರೂ ಮಾಡಿದ್ದೇನು? 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮು ಸೇರಿಸಿ, ಮಕ್ಕಳ ಅಪಹರಣದ ಶಂಕೆ ಹೊರಿಸಿ ಈ ಜನರ ಪಟ್ಟಿ ಇಡಲು ಹೊರಟಿತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿದ್ದದ್ದೂ ಇದೇ ಪಟ್ಟಿ. 2014ರಲ್ಲಿ ಸುಪ್ರೀಂ ಕೋರ್ಟು, ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತು. 2019ರ ಕೇಂದ್ರ ಕಾಯ್ದೆಯ 13ನೇ ಕಲಮು, ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಆಟೋಟದ ಅವಕಾಶ ಕೊಡಬೇಕೆಂದು ಬರೆಯಿತು. 2021ರಲ್ಲಿ ರಾಜ್ಯ ಸರ್ಕಾರ ನೌಕರಿಯಲ್ಲಿ 1% ಮೀಸಲಾತಿ ತಂದಿತು. ಸರಿ. ಆದರೆ ಹೈಸ್ಕೂಲು ದಾಟದವರಿಗೆ ಯಾವ ನೌಕರಿ? 2011ರ ಜನಗಣತಿಯಲ್ಲಿ ದೇಶದಾದ್ಯಂತ ಇವರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 56 ಮಾತ್ರ.

ಹಾಗಾದರೆ ಉಳಿದ ಹುಡುಗಿಯರಿಗೆ ಅನ್ಯಾಯವಾಗೋದಿಲ್ಲವೇ ಅಂತ ಕೇಳ್ತಾರೆ. ಪ್ರಾಯ ಬಂದ ಗಂಡು ಮೈಗೆ ಓಟ, ಎಸೆತದಲ್ಲಿ ಬಲ ಹೆಚ್ಚು, ಇದು ಸುಳ್ಳಲ್ಲ. ಅಂತರರಾಷ್ಟ್ರೀಯ ಪದಕದ ಮಟ್ಟದಲ್ಲಿ ಅದರ ಚರ್ಚೆ ನಡೆಯಲಿ. ಆದರೆ ಹೋಬಳಿಯ ಖೋ ಖೋ, ಕಬಡ್ಡಿ, ರಿಲೇ ಇರುವುದು ಮಕ್ಕಳು ಜೊತೆಗೂಡಿ ಬೆಳೆಯಲಿಕ್ಕೆ. ಅಲ್ಲಿ ಒಂದು ಮಗುವನ್ನು ಹೊರಗಿಟ್ಟು ಕಾಪಾಡುವ ನ್ಯಾಯ ಯಾವುದು? ಕೆರೆಯ ನೀರನ್ನೂ ಶುದ್ಧಿಯ ಹೆಸರಿನಲ್ಲೇ ನಮಗೆ ತಪ್ಪಿಸಿದ್ದರು.

ಮೇಷ್ಟ್ರುಗಳೇ, ಗೆಳೆಯರೇ, ಈ ಕೆಲಸಕ್ಕೆ ಹೊಸ ಆದೇಶ ಬರಲಿ ಅಂತ ಕಾಯಬೇಕಿಲ್ಲ. ಮಗು ಹೇಳಿದ ಹೆಸರಿನಿಂದ ಕರೆಯಿರಿ. ಬಟ್ಟೆ ಬದಲಿಸಲು ಮರೆಯ ಜಾಗ ಕೊಡಿ. ಗೇಲಿ ಮಾಡುವವರನ್ನು ಅಲ್ಲೇ ತಡೆಯಿರಿ. ಯಾವ ಮಗುವಿನ ಮೈಯನ್ನೂ ತನಿಖೆಗೆ ಒಡ್ಡಬೇಡಿ. ತಂಡ ಕಟ್ಟುವಾಗ ಅವಳನ್ನೂ ಕರೆಯಿರಿ.