ಗೊತ್ತಿದ್ದವರ ಹೆಸರು

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಠಾಣೆ-ಬೇಲಾಪುರ ರಸ್ತೆಯ ಒಂದು ದೊಡ್ಡ ಕಾರ್ಖಾನೆಯಲ್ಲಿದ್ದೆ. ಮುಂಬಯಿಗೆ ಬಂದು ಹದಿನೈದು ವರ್ಷ ಆಗಿತ್ತು. ಒಂದು ದಿನ ಸಾಹೇಬರು ಕರೆದು, "ನಮ್ಮಲ್ಲಿ ಯಾರಿಗೆ ಏನು ಗೊತ್ತು ಅನ್ನೋದು ನಮಗೇ ಗೊತ್ತಿಲ್ಲ. ಒಂದು ಪಟ್ಟಿ ಮಾಡಿ" ಅಂದರು. ಸರಿ, ನಾನು ಒಂದು ಫಾರ್ಮು ತಯಾರಿಸಿದೆ. ಹೆಸರು, ಹುದ್ದೆ, ಡಿಗ್ರಿ, ಮಾಡಿದ ಟ್ರೇನಿಂಗು, ಬರುವ ಕಂಪ್ಯೂಟರ್ ಪ್ಯಾಕೇಜು... ಮೂರು ತಿಂಗಳಲ್ಲಿ ಎರಡು ದಪ್ಪ ಫೈಲು ತುಂಬಿತು. ನನಗೆ ಶಹಬ್ಬಾಸ್‌ಗಿರಿಯೂ ಸಿಕ್ಕಿತು.

ಪಂಪ್ ಹೌಸಿನಲ್ಲಿ ಒಬ್ಬ ಹಿರಿಯ ಫಿಟ್ಟರ್ ಇದ್ದರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದದ್ದು. ಅವರಿಗೆ ಮರಾಠಿ ಬಿಟ್ಟು ಬೇರೆ ಓದಲು ಬರುತ್ತಿರಲಿಲ್ಲ. ಫಾರ್ಮು ಇಂಗ್ಲಿಷಿನಲ್ಲಿತ್ತು. ಹಾಗಾಗಿ ಅವರಿಗೆ ನಾನು ಫಾರ್ಮನ್ನೇ ಕೊಡಲಿಲ್ಲ.

ನಾನು ಹೀಗೆ ಫಾರ್ಮು ಹಂಚುವ ಹೊತ್ತಿಗಾಗಲೇ ಇದೇ ಪ್ರಶ್ನೆಗೆ ಇನ್ನೊಂದು ಕಂಪನಿ ಬೇರೆಯೇ ಉತ್ತರ ಕಂಡುಕೊಂಡಿತ್ತು. ಯಾವುದು ಅಂತೀರಾ? ನಾವು ದಿನಾ "ಎರಡು ಝೆರಾಕ್ಸ್ ಕೊಡಪ್ಪಾ" ಅನ್ನುತ್ತೇವಲ್ಲ, ಅದೇ ಝೆರಾಕ್ಸ್!

ಸಾದಾ ಕಾಗದದ ಮೇಲೆ ಗುಂಡಿ ಒತ್ತಿದರೆ ನಕಲು ಬರುವ ಅವರ ಮೊದಲ ಯಂತ್ರ, 914, ಬಂದದ್ದು 1959ರಲ್ಲಿ. ಸುಮಾರು 300 ಕೆ.ಜಿ. ತೂಕ. ಬಿಸಿಯಾಗಿ ಒಳಗೆ ಕಾಗದಕ್ಕೆ ಬೆಂಕಿ ಹತ್ತುವುದೂ ಇತ್ತಂತೆ. ಅದಕ್ಕೆಂದು ಕಂಪನಿ ಜೊತೆಗೊಂದು ಪುಟ್ಟ ಬೆಂಕಿ ಆರಿಸುವ ಸಾಧನ ಕೊಟ್ಟು, ಅದಕ್ಕೆ ಜಾಣತನದಿಂದ 'ಸ್ಕಾರ್ಚ್ ಎಲಿಮಿನೇಟರ್' ಅಂತ ಹೆಸರಿಟ್ಟಿತ್ತು! ಈ ಯಂತ್ರವನ್ನು ಕಂಪನಿ ಹೆಚ್ಚಾಗಿ ಬಾಡಿಗೆಗೆ ಕೊಡುತ್ತಿತ್ತು. ಬಾಡಿಗೆ ಮನೆಯ ನಲ್ಲಿ ಸೋರಿದರೆ ಮಾಲೀಕನ ತಲೆನೋವು ತಾನೇ? ಹಾಗೆ ರಿಪೇರಿಯ ಭಾರವೆಲ್ಲ ಕಂಪನಿಯ ಮೇಲೇ ಬಿತ್ತು. ಕ್ರಮೇಣ ಲೋಕದ ತುಂಬ ಸಾವಿರಾರು ಟೆಕ್ನೀಶಿಯನ್‌ಗಳು ಚೀಲ ಹೊತ್ತು ಓಡಾಡುವ ಹಾಗಾಯಿತು.

ಇಷ್ಟು ಜನಕ್ಕೆ ವಿದ್ಯೆ ಕಲಿಸುವುದು ಹೇಗೆ? ಕಂಪನಿ ದಪ್ಪ ದಪ್ಪ ಪುಸ್ತಕ ಬರೆಸಿತು. ಈ ದೋಷಕ್ಕೆ ಈ ಕೋಡ್, ಈ ಕೋಡಿಗೆ ಈ ಭಾಗ ಬದಲಿಸು, ಆಗಲಿಲ್ಲವೋ ಮುಂದಿನ ಪುಟಕ್ಕೆ ಹೋಗು. ಪುಸ್ತಕ ಹೇಳಿದಂತೆ ಮಾಡಿದರೆ ಸಾಕು, ತಲೆ ಓಡಿಸಬೇಕಾಗಿಲ್ಲ ಎಂಬ ಲೆಕ್ಕಾಚಾರ.

ಝೆರಾಕ್ಸ್ 1970ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ 'ಪಾರ್ಕ್' ಎಂಬ ಸಂಶೋಧನಾ ಕೇಂದ್ರ ತೆರೆದಿತ್ತು. ಅಲ್ಲಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ ಇದ್ದ. ಮಾನವಶಾಸ್ತ್ರದವರು ಕಾಡಿಗೆ, ಹಾಡಿಗೆ ಹೋಗಿ ಜನರ ನಡುವೆ ಇದ್ದು ಅಧ್ಯಯನ ಮಾಡುವುದನ್ನು ಕೇಳಿದ್ದೀರಿ. ಈತ 1980ರ ದಶಕದಲ್ಲಿ ಹೋದದ್ದು ತನ್ನದೇ ಕಂಪನಿಯ ರಿಪೇರಿಯವರ ಬೆನ್ನಿಗೆ. ಅವರ ಜೊತೆ ತಿಂಡಿ ತಿಂದ, ಕಾಫಿ ಕುಡಿದ, ಗಿರಾಕಿಗಳ ಆಫೀಸಿಗೆ ಹೋಗಿ ಯಂತ್ರದ ಪಕ್ಕ ನಿಂತ. ಕಂಡದ್ದನ್ನು ಬರೆದ. ಅದು 'ಟಾಕಿಂಗ್ ಅಬೌಟ್ ಮೆಷಿನ್ಸ್' ಎಂಬ ಪುಸ್ತಕವಾಗಿ 1996ರಲ್ಲಿ ಹೊರಬಂತು.

ಅವನು ಕಂಡದ್ದಾದರೂ ಏನು? ಪುಸ್ತಕ ಕೈಕೊಡುವ ಕಡೆ ಮಾತು ಕೈಹಿಡಿಯುತ್ತಿತ್ತು. ಕೋಡ್ ಒಂದು ತೋರಿಸುತ್ತದೆ, ಯಂತ್ರ ಇನ್ನೊಂದು ಮಾಡುತ್ತದೆ. ಆಗ ಒಬ್ಬ, "ಹೋದ ವರ್ಷ ನನಗೂ ಹೀಗೇ ಒಂದು ಸಿಕ್ಕಿತ್ತು ಕಣೋ" ಎಂದು ಶುರು ಮಾಡುತ್ತಾನೆ. ಇನ್ನೊಬ್ಬ ತನ್ನ ಕಥೆ ಸೇರಿಸುತ್ತಾನೆ. ಕಥೆಗೆ ಕಥೆ ಹೆಣೆಯುತ್ತಾ ಹೆಣೆಯುತ್ತಾ ದೋಷ ಎಲ್ಲಿದೆ ಅನ್ನುವುದು ಇಬ್ಬರಿಗೂ ಹೊಳೆದುಬಿಡುತ್ತದೆ. ಮೇಲಿನವರ ಕಣ್ಣಿಗೆ ಹರಟೆಯಾಗಿ ಕಂಡದ್ದೇ ಅವರ ಪಾಠಶಾಲೆ!

ಈ ಮಾತನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಹುಡುಕಾಟದಲ್ಲಿ, ತೊಂಬತ್ತರ ದಶಕದಲ್ಲಿ, 'ಯುರೇಕಾ' ಎಂಬ ವ್ಯವಸ್ಥೆ ಹುಟ್ಟಿತು. ಶುರುವಾದದ್ದು ಫ್ರಾನ್ಸಿನಲ್ಲಿ. ಪಾರ್ಕ್‌ನ ಡೇನಿಯಲ್ ಬೊಬ್ರೋ ಮತ್ತು ಸಂಗಡಿಗರು ಅಲ್ಲಿನ ಟೆಕ್ನೀಶಿಯನ್‌ಗಳ ಜೊತೆ ಕೂತು ಅದನ್ನು ಕಟ್ಟಿದರು. ರಿಪೇರಿಯವನೊಬ್ಬ ಹೊಸ ಉಪಾಯ ಕಂಡುಕೊಂಡರೆ ಬರೆದು ಕಳಿಸಬೇಕು. ಅದು ಸರಿಯೇ ಎಂದು ಪರೀಕ್ಷಿಸುವವರು ಮ್ಯಾನೇಜರುಗಳಲ್ಲ, ಅದೇ ಕೆಲಸ ಬಲ್ಲ ಅನುಭವಸ್ಥರು. ಪಾಸಾದರೆ ಎಲ್ಲರಿಗೂ ಹೋಗುತ್ತದೆ, ಕಂಡುಕೊಂಡವನ ಹೆಸರಿನ ಸಮೇತ.

ಬರೆದವರಿಗೆ ದುಡ್ಡು ಕೊಡಬೇಕೇ ಎಂಬ ಚರ್ಚೆಯೂ ಬಂತು. ಬೇಡ ಎಂದವರು ಟೆಕ್ನೀಶಿಯನ್‌ಗಳೇ! ದುಡ್ಡು ಕೊಟ್ಟರೆ ಜನ ಗುಣ ಬಿಟ್ಟು ಎಣಿಕೆಯ ಹಿಂದೆ ಬೀಳುತ್ತಾರೆ, ಹೆಸರು ಇದ್ದರೆ ಸಾಕು ಎಂಬುದು ಅವರ ವಾದ. ಯುರೇಕಾ ಬೇರೆ ದೇಶಗಳಿಗೂ ಹಬ್ಬಿತು. ಬ್ರೆಜಿಲ್‌ನಲ್ಲಿ 40,000 ಡಾಲರ್ ಬೆಲೆಯ ಯಂತ್ರವೊಂದನ್ನು ಇನ್ನೇನು ಬದಲಿಸಬೇಕು ಅನ್ನುವಾಗ, ಕೆನಡಾದ ಮಾಂಟ್ರಿಯಲ್‌ನವನೊಬ್ಬ ಬರೆದಿಟ್ಟ ಉಪಾಯ ಕಣ್ಣಿಗೆ ಬಿದ್ದು, ಒಂದು ಡಾಲರೂ ಬಾಳದ ಬಿಡಿಭಾಗ ಹಾಕಿ ಸರಿಮಾಡಿದ ಘಟನೆಯನ್ನು ಆ ಕಂಪನಿಯವರು ಹೇಳಿಕೊಂಡಿದ್ದಾರೆ.

ಅವರ ಆತಂಕ ಸುಳ್ಳಲ್ಲ ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಉದಾಹರಣೆಯಿದೆ. ಇನ್ಫೋಸಿಸ್‌ನವರು ಉದ್ಯೋಗಿಗಳ ತಿಳಿವಳಿಕೆಯನ್ನೆಲ್ಲ ಒಂದೆಡೆ ಸೇರಿಸಲು 'ಕೆ-ಶಾಪ್' ಎಂಬ ಆಂತರಿಕ ತಾಣ ಮಾಡಿದ್ದರು. 2001ರಲ್ಲಿ, ಬರೆದವರಿಗೆ ಅಂಕ ಕೊಡುವ ಪದ್ಧತಿ ತಂದರು. ಅಂಕ ಕೂಡಿಸಿದರೆ ಬಹುಮಾನ. ಬರಹಗಳು ರಾಶಿ ಬಿದ್ದವು. ಆದರೆ ಅಂಕಕ್ಕಾಗಿ ಬರೆಯುವ ಚಾಳಿಯೂ ಬೆಳೆಯಿತು, ಓದಿ ಪರಿಶೀಲಿಸುವವರಿಗೆ ಸಾಕುಸಾಕಾಯಿತು. ಕಡೆಗೆ ಕಂಪನಿ ತಾನೇ ತಿದ್ದಿಕೊಂಡು, ಓದಿದವರಿಗೆ ನಿಜಕ್ಕೂ ಉಪಯೋಗ ಆಯಿತೇ ಎಂಬುದಕ್ಕೆ ಹೆಚ್ಚು ತೂಕ ಕೊಟ್ಟಿತು. ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೆಲ್ಲ ದಾಖಲಾಗಿದೆ. ತಪ್ಪನ್ನು ಮುಚ್ಚಿಡದೆ ತಿದ್ದಿಕೊಂಡದ್ದು ದೊಡ್ಡದು ಅಂತಲೇ ನನ್ನ ಭಾವನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕಾಕಾ ರಿಟೈರ್ ಆದರು. ಹಾರ, ತೆಂಗಿನಕಾಯಿ, ಒಂದು ಗಡಿಯಾರ. ಮುಂದಿನ ವರ್ಷ ಬಾಯ್ಲರಿಗೆ ಬಿಸಿನೀರು ಊಡುವ ಪಂಪನ್ನು ಬಿಚ್ಚಿ ಜೋಡಿಸಿದೆವು. ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ನಡುಗಲು ಶುರು, ಬೇರಿಂಗು ಕೆಂಡ. ಮತ್ತೆ ಬಿಚ್ಚಿದೆವು, ಮತ್ತೆ ಅದೇ. ನನ್ನ ಎರಡು ಫೈಲು ತೆಗೆದು ನೋಡಿದೆ. ಬಿ.ಇ., ಡಿಪ್ಲೊಮಾ, ಟ್ರೇನಿಂಗು ಎಲ್ಲ ಇತ್ತು. ಉತ್ತರ ಇರಲಿಲ್ಲ. ಕೊನೆಗೆ ಯಾರೋ ಹುಡುಗ ಡೊಂಬಿವಲಿಗೆ ಹೋಗಿ ಕಾಕಾರನ್ನು ಕರೆತಂದ.

ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಎರಡು ನಿಮಿಷ ಕೇಳಿದರು. ನಕ್ಕರು. "ಸಾಹೇಬ್, ತಣ್ಣಗಿರುವಾಗ ಇಬ್ಬರನ್ನೂ ಸಮ ನಿಲ್ಲಿಸಿದ್ದೀರಿ. ಬಿಸಿನೀರು ಬಂದರೆ ಪಂಪು ಮೇಲೇಳುತ್ತದೆ, ಮೋಟಾರು ಅಷ್ಟು ಏಳುವುದಿಲ್ಲ. ಮೋಟಾರನ್ನು ಮೊದಲೇ ಒಂದು ಕೂದಲೆಳೆ ಎತ್ತರಿಸಿ ಇಡಬೇಕು." ಮೋಟಾರಿನ ಕಾಲಡಿ ತೆಳುವಾದ ತಗಡಿನ ಶಿಮ್ ಇಟ್ಟು ಕೊಟ್ಟರು. ಪಂಪು ಬೆಣ್ಣೆಯ ಹಾಗೆ ಓಡಿತು.

"ಇಷ್ಟು ವರ್ಷ ಹೇಳಲೇ ಇಲ್ಲವಲ್ಲ ಕಾಕಾ?" ಅಂದೆ.

"ಕೇಳಿದವರು ಯಾರು ಸಾಹೇಬ್?" ಅಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಷ್ಟಕ್ಕೇ ಬುದ್ಧಿ ಬಂತೇ? ಇಲ್ಲ. ಆ ಉಪಾಯವನ್ನು ಮೇಂಟೆನೆನ್ಸ್ ರಿಜಿಸ್ಟರಿನಲ್ಲಿ ನಾನೇ ಬರೆದೆ. ಕೆಳಗೆ ನನ್ನ ಸಹಿ, ಇಲಾಖೆಯ ಮೊಹರು. ಕಾಕಾರ ಹೆಸರು ಬರೆಯಬೇಕೆಂದು ಹೊಳೆಯಲೇ ಇಲ್ಲ. ಎಷ್ಟೋ ವರ್ಷದ ಮೇಲೆ ಯುರೇಕಾದ ಬಗ್ಗೆ ಓದುವಾಗ, 'ಕಂಡುಕೊಂಡವನ ಹೆಸರಿನ ಸಮೇತ' ಎಂಬಲ್ಲಿಗೆ ಬಂದು ಪುಟ ಮುಂದೆ ತಿರುಗಿಸಲಾಗಲಿಲ್ಲ.

ಆ ಕಾರ್ಖಾನೆ ಈಗ ಇಲ್ಲ. ರಿಜಿಸ್ಟರು ರದ್ದಿಗೆ ಹೋಗಿರಬೇಕು. ಕಾಕಾರೂ ಇಲ್ಲ. ನೀವು ಇನ್ನೂ ಕೆಲಸದಲ್ಲಿದ್ದರೆ ಒಂದು ಕೆಲಸ ಮಾಡಿ. ನಾಳೆ ನಿಮ್ಮಲ್ಲಿರುವ ಇಂಥ ಒಬ್ಬ ಕಾಕಾರ ಪಕ್ಕ ಚಹಾ ಹಿಡಿದು ಕೂತು, "ಇದು ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿ. ಹೇಳಿದ್ದನ್ನು ಬರೆದಿಡಿ. ಕೆಳಗೆ ಅವರ ಹೆಸರು ಹಾಕಿ.