ಒಳಗಿನ ತೊಂದರೆಗೆ ಹೊರಗೊಂದು ಗುರುತು

ಬಸ್ಸಿನಲ್ಲಿ ಅಂಗವಿಕಲರಿಗೆಂದು ಬರೆದಿರುವ ಸೀಟಿನಲ್ಲಿ ಗಟ್ಟಿಮುಟ್ಟಾಗಿ ಕಾಣುವ ಯುವಕನೊಬ್ಬ ಕೂತಿದ್ದರೆ ನಿಂತವರ ನೋಟವೆಲ್ಲ ಅವನ ಮೇಲೆಯೇ. ಅವನ ಸೊಂಟದಲ್ಲಿ ಕೃತಕ ಕೀಲು ಇರಬಹುದು, ಹತ್ತು ನಿಮಿಷ ನಿಂತರೂ ಕಾಲು ಸೋಲಬಹುದು. ಅದನ್ನು ಅವನು ಬಸ್ಸಿನವರಿಗೆಲ್ಲ ಕೇಳುವಂತೆ ಹೇಳಬೇಕೆ? ಬಾಯಿಬಿಟ್ಟು ಹೇಳದೆಯೇ ತಿಳಿಸುವ ದಾರಿಯಾಗಿ ಕೆಲವು ದೇಶಗಳಲ್ಲಿ ಬಿಲ್ಲೆ, ಬ್ಯಾಡ್ಜ್, ಕೊರಳಪಟ್ಟಿಗಳು ಬಳಕೆಗೆ ಬಂದಿವೆ.

ಕಾಣದ ಅಂಗವೈಕಲ್ಯ ಎಂದರೆ

ಗಾಲಿಕುರ್ಚಿಯಾಗಲಿ ಊರುಗೋಲಾಗಲಿ ಇಲ್ಲದ್ದರಿಂದ ಹೊರಗಿನವರಿಗೆ ಗೊತ್ತಾಗದ ತೊಂದರೆಗಳಿವು. ಆಟಿಸಂ, ಮೂರ್ಛೆರೋಗ, ಕಿವಿಮಂದ, ಮರೆವಿನ ಕಾಯಿಲೆ, ಮಾನಸಿಕ ಅಸ್ವಸ್ಥತೆ, ಹೃದಯದ ತೊಂದರೆ, ಬಿಡದೆ ಕಾಡುವ ನೋವು ಮೊದಲಾದವು ಇದರಲ್ಲಿ ಸೇರುತ್ತವೆ. ಇಂಥವರಿಗೆ ಕಾಯಿಲೆಯಷ್ಟೇ ಭಾರವಾಗುವುದು ಜನರ ಅನುಮಾನ. ಜಾತ್ರೆಯ ಗದ್ದಲಕ್ಕೆ ಬೆದರಿ ನೆಲಕ್ಕೆ ಬಿದ್ದು ಅಳುವ ಆಟಿಸಂ ಇರುವ ಮಗುವನ್ನು ‘ಹಟಮಾರಿ’ ಎನ್ನುತ್ತಾರೆ, ತಾಯಿಗೆ ಮಗು ಬೆಳೆಸಲು ಬರುವುದಿಲ್ಲ ಎನ್ನುತ್ತಾರೆ. ಆ ಮಾತಿಗೆ ಹೆದರಿ ಹೊರಗೆ ಹೋಗುವುದನ್ನೇ ಬಿಟ್ಟ ಮನೆಗಳಿವೆ.

ಟೋಕಿಯೊದ ಕೆಂಪು ಬಿಲ್ಲೆ

ಜಪಾನಿನ ‘ಹೆಲ್ಪ್ ಮಾರ್ಕ್’ ಈ ಬಗೆಯ ಗುರುತುಗಳಲ್ಲಿ ತುಂಬ ಯೋಚಿಸಿ ಮಾಡಿದ್ದು. ಕೃತಕ ಕೀಲು ಹಾಕಿಸಿಕೊಂಡಿದ್ದ ಟೋಕಿಯೊ ಮಹಾನಗರ ಸಭೆಯ ಸದಸ್ಯೆ ಯಮಾಕಾ ಅಕೆಮಿ ಇದರ ಪ್ರಸ್ತಾಪ ಮುಂದಿಟ್ಟರು. 2012ರಲ್ಲಿ ಮಹಾನಗರ ಸರ್ಕಾರ ಸುರಂಗ ರೈಲಿನ ನಿಲ್ದಾಣಗಳಲ್ಲಿ ಬಿಲ್ಲೆಗಳನ್ನು ಉಚಿತವಾಗಿ ಹಂಚತೊಡಗಿತು. ಎಟಿಎಂ ಕಾರ್ಡಿನಷ್ಟು ಉದ್ದಗಲ, ಕೆಂಪು ಹಿನ್ನೆಲೆ, ಅದರ ಮೇಲೆ ಬಿಳಿಯ ಅಧಿಕ ಚಿಹ್ನೆ, ಕೆಳಗೆ ಬಿಳಿಯ ಹೃದಯ. ಬ್ಯಾಗಿಗೆ ನೇತುಹಾಕಿಕೊಂಡರೆ ಸಾಕು. ಹಿಂಬದಿಗೆ ಅಂಟಿಸುವ ಚೀಟಿಯಲ್ಲಿ ಕಾಯಿಲೆ, ಬೇಕಾದ ನೆರವು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆದಿಡಬಹುದು. ಮುಂದಿನ ಬದಿ ಎಲ್ಲರಿಗೂ ಕಾಣುತ್ತದೆ, ಹಿಂದಿನದು ನೆರವಿಗೆ ಬಂದವರಿಗೆ ಮಾತ್ರ. ಎಷ್ಟು ಹೇಳಬೇಕು, ಯಾರಿಗೆ ಹೇಳಬೇಕು ಎಂಬ ನಿರ್ಧಾರ ಧರಿಸಿದವರ ಕೈಯಲ್ಲೇ ಉಳಿಯುವ ಈ ಏರ್ಪಾಟು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಪಡೆಯಲು ವೈದ್ಯರ ಸರ್ಟಿಫಿಕೇಟ್ ಬೇಕಿಲ್ಲ. 2017ರಲ್ಲಿ ಜಪಾನಿನ ರಾಷ್ಟ್ರೀಯ ಮಾನಕ ಚಿಹ್ನೆಗಳ ಪಟ್ಟಿಗೆ ಸೇರಿದ ಮೇಲೆ ಇದು ದೇಶವೆಲ್ಲ ಹರಡಿತು. 2022ರಲ್ಲಿ ಗಾಯಕಿ ಶೀನಾ ರಿಂಗೊ ಅವರ ಆಲ್ಬಮ್ಮಿನ ಜೊತೆ ಕೊಡಲಿದ್ದ ವಸ್ತುವೊಂದು ಈ ಬಿಲ್ಲೆಯನ್ನೇ ಹೋಲುತ್ತಿತ್ತು. ಬಿಲ್ಲೆ ಧರಿಸುವವರು ಆತಂಕಗೊಂಡರು, ವಿರೋಧ ಎದ್ದಿತು, ಕೊನೆಗೆ ವಿನ್ಯಾಸ ಬದಲಾಯಿತು. ಅಲಂಕಾರದ ವಸ್ತುವೇ ಬಿಲ್ಲೆಯಂತೆ ಕಂಡರೆ ಅಸಲಿ ಬಿಲ್ಲೆಯನ್ನು ನಂಬುವವರು ಯಾರು?

ಸೂರ್ಯಕಾಂತಿಯ ಪಟ್ಟಿ

ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಇನ್ನೊಂದು ಗುರುತು ಹುಟ್ಟಿತು. ಕಚೇರಿಗೆ ಹೋಗುವವರು ಐಡಿ ಕಾರ್ಡಿಗೆ ಹಾಕುವ ಟ್ಯಾಗಿನಂಥದ್ದೇ, ಹಸಿರು ಪಟ್ಟಿಯ ಮೇಲೆ ಹಳದಿ ಸೂರ್ಯಕಾಂತಿ ಹೂಗಳು. ದೂರದಿಂದ ಕಣ್ಣಿಗೆ ಬೀಳಬೇಕು, ಆದರೆ ರೋಗದ ಗುರುತಿನಂತೆ ಇರಬಾರದು ಎಂಬುದು ಅದರ ಹಿಂದಿನ ಯೋಚನೆ. ಹಾಕಿಕೊಂಡವರಿಗೆ ಸರತಿ ತಪ್ಪಿಸಿ ಮುಂದೆ ಹೋಗುವ ಹಕ್ಕೇನೂ ಬರುವುದಿಲ್ಲ. ‘ನನಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ನಿಧಾನವಾಗಿ ಹೇಳಿ’ ಎಂದಷ್ಟೇ ಅದು ತಿಳಿಸುತ್ತದೆ. ಈಗ ಹಲವು ದೇಶಗಳ ವಿಮಾನ ನಿಲ್ದಾಣಗಳಲ್ಲಿ ಇದು ಬಳಕೆಯಲ್ಲಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ಇದೆ.

ಪಟ್ಟಿಗೆ ಅದರದೇ ಶಕ್ತಿ ಇಲ್ಲ. ಭದ್ರತಾ ತಪಾಸಣೆಯ ಸಿಬ್ಬಂದಿಗೆ ಅದರ ಅರ್ಥ ಕಲಿಸಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಕೊರೊನಾ ಕಾಲದಲ್ಲಿ ಬ್ರಿಟನ್ನಿನಲ್ಲಿ ಮಾಸ್ಕ್ ತಪ್ಪಿಸಿಕೊಳ್ಳಲೆಂದೇ ಕೆಲವರು ಇದನ್ನು ಕೊಂಡು ಹಾಕಿಕೊಂಡರು, ಅದರಿಂದ ನಿಜವಾಗಿ ಬೇಕಿದ್ದವರ ಮೇಲೂ ಅನುಮಾನ ಬಿತ್ತು.

ಬಲವಂತದ ಗುರುತು, ಇಷ್ಟದ ಗುರುತು

ಮೈಮೇಲೆ ಗುರುತು ಎಂದೊಡನೆ ಕೆಲವರು ಹಿಂಜರಿಯುವುದಕ್ಕೆ ಕಾರಣವಿದೆ. ಇಂಗ್ಲೆಂಡಿನ 1697ರ ಕಾನೂನಿನ ಪ್ರಕಾರ ಚರ್ಚಿನ ವಲಯದ ನೆರವು ಪಡೆಯುವ ಬಡವರು ‘ಪಿ’ ಅಕ್ಷರದ ಬಟ್ಟೆಯ ತುಂಡನ್ನು ಭುಜದ ಮೇಲೆ ಹೊಲಿದುಕೊಂಡು ಓಡಾಡಬೇಕಿತ್ತು. ಅದು ರದ್ದಾದದ್ದು 1810ರಲ್ಲಿ. ಇದಕ್ಕೆ ತದ್ವಿರುದ್ಧವಾದದ್ದು ಬಿಳಿಕೋಲಿನ ಕಥೆ: ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಬ್ರಿಸ್ಟಲ್‌ನ ಜೇಮ್ಸ್ ಬಿಗ್ಸ್, ವಾಹನ ಓಡಿಸುವವರಿಗೆ ಕಾಣಲೆಂದು 1921ರಲ್ಲಿ ತಮ್ಮ ಕೋಲಿಗೆ ತಾವೇ ಬಿಳಿ ಬಣ್ಣ ಬಳಿದುಕೊಂಡರು. ಇಂದಿನ ಬಿಲ್ಲೆಗಳು ಬಿಗ್ಸ್ ಅವರ ಕೋಲಿನ ವಂಶದವು. ಬೇಕೆನಿಸಿದಾಗ ಹಾಕಿಕೊಂಡು ಬೇಡವೆನಿಸಿದಾಗ ತೆಗೆದಿಡಬಹುದು. ಹಾಕಿಕೊಳ್ಳದವರಿಗೂ ನೆರವು ಸಿಗಲೇಬೇಕು.

ನಮ್ಮಲ್ಲಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯಲ್ಲಿದ್ದ 7 ಬಗೆಯ ಅಂಗವೈಕಲ್ಯಗಳನ್ನು 21ಕ್ಕೆ ಏರಿಸಿತು. ಆಟಿಸಂ, ಕಲಿಕೆಯ ತೊಂದರೆ, ಪಾರ್ಕಿನ್ಸನ್, ಥಲಸೀಮಿಯಾ, ಕುಡಗೋಲು ಕಣ ರೋಗ ಇವೆಲ್ಲ ಅದರಲ್ಲಿವೆ. ಸರ್ಕಾರ ಕೊಡುವ ಯುಡಿಐಡಿ ಕಾರ್ಡು ಹಕ್ಕಿಗೆ ದಾಖಲೆ, ಆದರೆ ಅದು ಇರುವುದು ಪರ್ಸಿನೊಳಗೆ. ಬಸ್ಸು, ಆಸ್ಪತ್ರೆ, ಸಂತೆ ಎಲ್ಲೆಡೆ ಸಲ್ಲುವ ಒಂದೇ ಗುರುತು ಇನ್ನೂ ರೂಢಿಗೆ ಬಂದಿಲ್ಲ. ಅಲ್ಲಿಯವರೆಗೆ ಬೇಕಾದವರು ಜಪಾನಿನ ಬಿಲ್ಲೆಯ ಹಿಂಬದಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಐಡಿ ಕಾರ್ಡಿನ ಹಿಂದೆ ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ: ‘ನನಗೆ ಮೂರ್ಛೆರೋಗವಿದೆ. ಬಿದ್ದರೆ ಪಕ್ಕಕ್ಕೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷದೊಳಗೆ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.’