ರೈಲ್ವೆ ಬಡಾವಣೆಯ ಪ್ರಾರ್ಥನಾಲಯ



ದೇವಾಲಯವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅಸ್ತಿವಾರದ ಕಲ್ಲಿಟ್ಟ ದಿನದಿಂದಲೇ ಆರಾಧನೆಗೆ ಮೀಸಲಾದ ಕಟ್ಟಡ. ಆದರೆ ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿ ಕಾರ್ಮಿಕರ ವಸತಿಗೃಹವಾಗಿ ಹುಟ್ಟಿ, ಸುಮಾರು ತೊಂಬತ್ತು ವರ್ಷ ಮೆಥೋಡಿಸ್ಟ್ ಪ್ರಾರ್ಥನಾಲಯವಾಗಿ ಬಾಳಿದ ಕಟ್ಟಡವೊಂದಿದೆ. ಬನ್ನಿ, ಅದರ ಬಾಗಿಲವರೆಗೆ ಹೋಗಿ ಬರೋಣ.

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಪಶ್ಚಿಮಕ್ಕೆ ಸುಮಾರು 125 ಕಿಲೋಮೀಟರ್ ಸಾಗಿದರೆ ಸ್ವಿಂಡನ್ ಸಿಗುತ್ತದೆ. ಮೊದಲು ಇದು ಗುಡ್ಡದ ಮೇಲಿನ ಚಿಕ್ಕ ಸಂತೆಯೂರು. ಲಂಡನ್ ಮತ್ತು ಬ್ರಿಸ್ಟಲ್ ನಗರಗಳನ್ನು ಜೋಡಿಸುವ ಗ್ರೇಟ್ ವೆಸ್ಟರ್ನ್ ರೈಲು ಮಾರ್ಗವು 1841ರಲ್ಲಿ ಪೂರ್ಣಗೊಂಡಿತು. 1843ರಲ್ಲಿ ಗುಡ್ಡದ ಕೆಳಗಿನ ಬಯಲಿನಲ್ಲಿ ಎಂಜಿನ್ ಕಾರ್ಖಾನೆ ಕೆಲಸ ಆರಂಭಿಸಿತು. ಅದರ ಪಕ್ಕದಲ್ಲೇ ಕಾರ್ಮಿಕರಿಗಾಗಿ ಸುಮಾರು 300 ಕಲ್ಲಿನ ಮನೆಗಳು ಎದ್ದವು. ಬ್ರಿಸ್ಟಲ್, ಎಕ್ಸೆಟರ್, ಟಾಂಟನ್, ರೆಡಿಂಗ್ ಎಂಬ ಬೀದಿಗಳ ಹೆಸರುಗಳನ್ನು ಓದುತ್ತ ನಡೆದರೆ ರೈಲ್ವೆಯ ನಕ್ಷೆಯನ್ನೇ ಓದಿದಂತಾಗುತ್ತದೆ.

ಈ ಬೀದಿಗಳ ನಡುವೆ ಕೋಟೆಯಂತೆ ನಿಂತಿರುವ ಎತ್ತರದ ಕಟ್ಟಡವೇ ನಾವು ನೋಡಬಂದದ್ದು. ಒಂಟಿ ಗಂಡಸರು ತಂಗಲೆಂದು ರೈಲ್ವೆ ಕಂಪನಿಯು 1850ರ ಸುಮಾರಿಗೆ ಇದನ್ನು ಕಟ್ಟಿಸಿತು. ಜನರು ಇದನ್ನು ‘ಬ್ಯಾರಕ್ಸ್’ ಎಂದು ಕರೆದರು. ಆ ಹೆಸರೇ ಅವರ ಮನಸ್ಸನ್ನು ತಿಳಿಸುತ್ತದೆ. ಕಟ್ಟುನಿಟ್ಟಿನ ನಿಯಮಗಳ ಈ ಸೂರಿಗಿಂತ ಯಾರದಾದರೂ ಸಂಸಾರದ ಜೊತೆ ಬಾಡಿಗೆಗಿರುವುದೇ ಯುವಕರಿಗೆ ಹಿತವಾಗಿತ್ತು. 1861ರಲ್ಲಿ ಕಬ್ಬಿಣದ ಕೆಲಸಕ್ಕೆಂದು ವೇಲ್ಸ್‌ನಿಂದ ಬಂದ ಕುಟುಂಬಗಳಿಗೂ ಇದು ತಾತ್ಕಾಲಿಕ ಆಶ್ರಯವಾಯಿತು. ಕಡೆಗೆ ಆ ದಶಕದ ಕೊನೆಯಲ್ಲಿ ಇದು ವೆಸ್ಲಿಯನ್ ಮೆಥೋಡಿಸ್ಟರ ಪ್ರಾರ್ಥನಾಲಯವಾಗಿ ಮಾರ್ಪಟ್ಟಿತು.

ಕಂಪನಿಯ ಕಟ್ಟಡವಾಗಿದ್ದಾಗ ಯಾರಿಗೂ ಬೇಡವಾದ ಮನೆ, ಸಭೆಯ ಮನೆಯಾದಾಗ ಹೇಗೆ ತುಂಬಿತು? ಇದಕ್ಕೆ ಉತ್ತರ ದೊರೆಯಬೇಕಾದರೆ ಅದೇ ಹಳಿಯ ಪಶ್ಚಿಮದ ತುದಿಯಲ್ಲಿರುವ ಬ್ರಿಸ್ಟಲಿಗೆ ಹೋಗಬೇಕು. 1739ರಲ್ಲಿ ಜಾನ್ ವೆಸ್ಲಿಯವರು ಬ್ರಿಸ್ಟಲ್ ಸಮೀಪದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿಗಾರರಿಗೆ ಬಯಲಿನಲ್ಲಿಯೇ ಸುವಾರ್ತೆ ಸಾರಿದರು. ಅದೇ ವರ್ಷ ನಗರದಲ್ಲಿ ಕೂಟಗಳಿಗಾಗಿ ಮಂದಿರವೊಂದರ ಕೆಲಸ ಆರಂಭವಾಯಿತು. ಅದರ ಸಾಲ ತೀರಿಸಲು 1742ರಲ್ಲಿ ಒಂದು ಏರ್ಪಾಡಾಯಿತು: ಪ್ರತಿ ಸದಸ್ಯನಿಂದ ವಾರಕ್ಕೊಂದು ಪೆನ್ನಿ, ಹನ್ನೆರಡು ಮಂದಿಗೆ ಒಬ್ಬ ನಾಯಕ, ಕೊಡಲಾರದ ಬಡವನ ಪಾಲನ್ನು ನಾಯಕನೇ ಭರಿಸುವುದು. ಹಣಕ್ಕೆಂದು ಮನೆಮನೆಗೆ ಹೋದ ನಾಯಕರಿಗೆ ಅಲ್ಲಿನ ಕಷ್ಟಸುಖಗಳು ತಿಳಿದವು. ಸಾಲದ ಲೆಕ್ಕವು ಹೀಗೆ ಸಹೋದರರ ಪರಾಮರಿಕೆಯಾಗಿ ಬೆಳೆದು, ಮೆಥೋಡಿಸ್ಟ್ ಸಭೆಗಳ ಬೆನ್ನೆಲುಬಾಯಿತು.

ವಾರದ ಕೂಲಿಯಲ್ಲಿ ಬದುಕುವ ರೈಲ್ವೆ ಕಾರ್ಮಿಕರಿಗೆ ಇದು ಅರ್ಥವಾಗುವ ಮಾತು. ಸ್ವಿಂಡನ್ನಿನ ಕಾರ್ಖಾನೆಯಲ್ಲಿಯೂ 1847ರಲ್ಲಿ, ಕಾರ್ಮಿಕರ ಸಂಬಳದ ವಂತಿಗೆಯಿಂದ ನಡೆಯುವ ವೈದ್ಯಕೀಯ ನಿಧಿಯೊಂದು ಹುಟ್ಟಿತ್ತು. ಪರರು ಕಟ್ಟಿಕೊಟ್ಟ ಸೂರಿನಲ್ಲಿ ತಂಗುವವನು ಅತಿಥಿ. ತನ್ನ ದುಡಿಮೆಯ ಕಾಸನ್ನಿಟ್ಟು, ನೆರೆಯವನ ಹೊರೆಗೂ ಹೆಗಲು ಕೊಟ್ಟವನು ಮನೆಯವನು. ಗೋಡೆಗಳು ಅವೇ ಆಗಿದ್ದವು. ಬದಲಾದದ್ದು ಈ ಸಂಬಂಧ.

ಕಾಲವು ಯಾವ ಗೋಡೆಯನ್ನೂ ಹಾಗೆಯೇ ಬಿಡುವುದಿಲ್ಲ. ಆ ಸಭೆಯವರ ಆರಾಧನೆ ಅಲ್ಲಿ ನಿಂತು, 1962ರಲ್ಲಿ ಕಟ್ಟಡವು ರೈಲ್ವೆ ವಸ್ತುಸಂಗ್ರಹಾಲಯವಾಯಿತು. ಪ್ರಾರ್ಥನೆ ಕೇಳಿಬರುತ್ತಿದ್ದೆಡೆ ಉಗಿಬಂಡಿಗಳು ನಿಂತವು. ಒಂದು ಕಾಲಕ್ಕೆ 14,000ದಷ್ಟು ಜನ ದುಡಿದ ಕಾರ್ಖಾನೆಯೂ 1986ರಲ್ಲಿ ಮುಚ್ಚಿತು. ಹಳೆಯ ಕಾರ್ಖಾನೆಯ ಆವರಣದಲ್ಲೇ 2000ದಲ್ಲಿ ಹೊಸ ರೈಲ್ವೆ ಸಂಗ್ರಹಾಲಯ ತೆರೆಯಿತು. ಪ್ರಾರ್ಥನಾಲಯದ ಕಟ್ಟಡವು ಯುವಜನರ ಚಟುವಟಿಕೆಗಳಿಗೆ ಒದಗಿತು.

ವೆಸ್ಲಿಯನ್ನರ ಹೆಸರು ನಮಗೆ ಪರಕೀಯವಲ್ಲ. 1821ರಲ್ಲಿ ಅವರ ಮಿಷನರಿಗಳು ಬೆಂಗಳೂರಿಗೆ ಬಂದರು. ಅವರಿಂದ ಮೈಸೂರು ಸೀಮೆಯಲ್ಲಿ ಬೆಳೆದ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಆದುದರಿಂದ ಸ್ವಿಂಡನ್ನಿನ ಈ ಕತೆ ನಮ್ಮನ್ನೂ ಪ್ರಶ್ನಿಸುತ್ತದೆ. ನಮ್ಮ ದೇವಾಲಯಗಳ ವಾರ್ಷಿಕೋತ್ಸವಗಳಲ್ಲಿ ಕಲ್ಲು ಗಾರೆಗಳ ಇತಿಹಾಸವನ್ನು ನಾವು ಓದುತ್ತೇವೆ. ಆದರೆ ಪ್ರತಿ ವಾರ ಮನೆಮನೆಗೆ ಹೋಗಿ ಕಾಣಿಕೆ ಕೂಡಿಸಿದವರು ಯಾರು? ಬರಲಾಗದೆ ಹೋದವರನ್ನು ವಿಚಾರಿಸಿದವರು ಯಾರು? ನಿಮ್ಮ ಮನೆಯ ಹಿರಿಯರು ಬಲ್ಲರು. ಅವರಿರುವಾಗಲೇ ಕೇಳಿ ಬರೆದಿಡಿರಿ. ಆ ಬಳಿಕ, ಬಹುದಿನಗಳಿಂದ ಆರಾಧನೆಯಲ್ಲಿ ಕಾಣದಿರುವ ನೆರೆಯವರ ಬಾಗಿಲನ್ನೂ ಒಮ್ಮೆ ತಟ್ಟಿರಿ.